ತಳ ಕಾಣುವ ನೀರು

ಫೀನಿಕ್ಸಿನಲ್ಲಿ ಈಜುಕೊಳವಿರುವ ಮನೆ ಕೊಂಡೆವೆಂದು ಊರಿಗೆ ಫೋನ್ ಮಾಡಿದಾಗ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಅದನ್ನ ತೊಳೆಯೋರು ಯಾರು?" ಮನೆ ತೋರಿಸಿದ ಏಜೆಂಟ್ ಈ ಮಾತೆತ್ತಿರಲಿಲ್ಲ, ನಾವೂ ಕೇಳಿರಲಿಲ್ಲ. 110 ಡಿಗ್ರಿ ಬಿಸಿಲಿನಲ್ಲಿ ನೀಲಿ ನೀರು ಕಂಡರೆ ಯಾರಿಗೆ ತಾನೇ ಬುದ್ಧಿ ನೆಟ್ಟಗಿರುತ್ತದೆ ಹೇಳಿ!

ಮೊದಲೆರಡು ವರ್ಷ ವಾರಕ್ಕೊಮ್ಮೆ ಒಬ್ಬಾತ ಬಂದು ಶುಚಿ ಮಾಡಿ ಹೋಗುತ್ತಿದ್ದ. ತಿಂಗಳಿಗೆ 95 ಡಾಲರ್. 2009ರಲ್ಲಿ ನಮ್ಮವರ ಕೆಲಸ ಹೋಯಿತು. ಖರ್ಚಿನ ಪಟ್ಟಿ ಹಿಡಿದು ಕೂತಾಗ ಮೊದಲ ಗೀಟು ಕೇಬಲ್ ಟೀವಿಗೆ, ಎರಡನೆಯದು ಪೂಲಿನವನಿಗೆ ಬಿತ್ತು. "ನಾಲ್ಕು ಕ್ಲೋರಿನ್ ಬಿಲ್ಲೆ ಹಾಕಿದರಾಯಿತು, ಅದಕ್ಕೇನು ಇಂಜಿನಿಯರಿಂಗ್ ಓದಬೇಕೆ?" ಎಂದರು ನಮ್ಮವರು. ಇಂಜಿನಿಯರಿಂಗ್ ಓದಿದವರೇ ಹಾಗೆಂದ ಮೇಲೆ ನಾನೂ ಸುಮ್ಮನಾದೆ.

ಎರಡು ವರ್ಷ ಹೇಗೋ ನಡೆಯಿತು. 2011ರ ಜುಲೈ 5ರ ಸಂಜೆ ಇಲ್ಲಿ ದೊಡ್ಡ ಧೂಳಿನ ಬಿರುಗಾಳಿ ಎದ್ದಿತಲ್ಲ, ಆಗ ಈ ಊರಿನಲ್ಲಿದ್ದವರು ಅದನ್ನು ಮರೆತಿರಲಾರರು. ಬೆಳಿಗ್ಗೆ ಎದ್ದು ನೋಡಿದರೆ ಪೂಲು ರಾಗಿ ಅಂಬಲಿಯಂತಾಗಿತ್ತು. ಧೂಳು ತೆಗೆದೆವು, ಬಿಲ್ಲೆ ಜಾಸ್ತಿ ಹಾಕಿದೆವು. ವಾರದಲ್ಲಿ ನೀರು ಹಸಿರಾಯಿತು. ಇನ್ನಷ್ಟು ಬಿಲ್ಲೆ ಹಾಕಿದೆವು, ಇನ್ನಷ್ಟು ಹಸಿರಾಯಿತು!

ಆ ಬೇಸಿಗೆ ಅತ್ತೆ ನಮ್ಮಲ್ಲೇ ಇದ್ದರು. ದಿನಾ ಕಾಫಿ ಲೋಟ ಹಿಡಿದು ಬೇಲಿಯ ಹತ್ತಿರ ನಿಂತು, "ಇದರ ತಳವೇ ಕಾಣಲ್ವಲ್ಲೇ" ಎನ್ನುವರು. ತೀರ್ಥಹಳ್ಳಿ ಕಡೆಯ ಅವರ ಮನೆಯ ಬಾವಿಗೆ ಚೊಂಬು ಬಿದ್ದರೆ ಮೇಲಿನಿಂದಲೇ ಕಾಣುತ್ತಿತ್ತಂತೆ, ಪಾತಾಳಗರಡಿ ಇಳಿಸಿ ಎತ್ತುತ್ತಿದ್ದರಂತೆ. ನನಗೋ ಒಳಗೊಳಗೇ ಕಿರಿಕಿರಿ. ಕ್ರೆಡಿಟ್ ಕಾರ್ಡಿನ ಸಾಲ ತೀರಿಸುತ್ತಿರುವ ಮನೆಯಲ್ಲಿ ಪೂಲಿನ ತಳದ ಚಿಂತೆ ಯಾರಿಗೆ?

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಪೂಜೆಗೆ ಏಳೆಂಟು ಸಂಸಾರಗಳನ್ನು ಕರೆದಿದ್ದೆ. ಮಂಗಳಾರತಿಯ ಹೊತ್ತಿಗೆ ಗೆಳತಿಯೊಬ್ಬಳು, "ನನ್ನ ಮಗ ಎಲ್ಲಿ?" ಎಂದಳು. ಮೂರು ವರ್ಷದ ಹುಡುಗ. ಕೋಣೆಗಳಲ್ಲಿಲ್ಲ, ಅಂಗಳದಲ್ಲಿಲ್ಲ. ಹಿತ್ತಲಿಗೆ ಓಡಿದರೆ ಪೂಲಿನ ಬೇಲಿಯ ಗೇಟು ಯಾರೋ ತೆರೆದಿಟ್ಟಿದ್ದರು. ಎದುರಿಗೆ ಬಾಳೆಲೆಯಷ್ಟು ಹಸಿರು ನೀರು. ಅರ್ಧ ಅಡಿಯ ಕೆಳಗೆ ಏನೂ ಕಾಣದು. ನಮ್ಮವರು ಪಂಚೆಯಲ್ಲೇ ಧುಮುಕಿದರು. ಇನ್ನೊಬ್ಬರು ಎಲೆ ತೆಗೆಯುವ ಬಲೆಯ ಉದ್ದನೆಯ ಕೋಲನ್ನು ನೀರಿನಲ್ಲಿ ಆಡಿಸುತ್ತಿದ್ದರು. ಆ ಕೋಲು ನೋಡಿ ನನಗೆ ಪಾತಾಳಗರಡಿ ನೆನಪಾಯಿತು. ಕಾಲು ನಡುಗಿ ಅಲ್ಲೇ ಕುಸಿದು ಕೂತೆ.

ಹುಡುಗ ನಮ್ಮ ಬಟ್ಟೆ ಬೀರುವಿನೊಳಗೆ, ಸೀರೆಗಳ ಮೇಲೆ ನಿದ್ದೆ ಹೋಗಿದ್ದ. ಎಲ್ಲ ಸೇರಿ ನಾಲ್ಕು ನಿಮಿಷವಿದ್ದೀತು. ಗೆಳತಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಮಾರನೆಯ ದಿನವೇ ನೀರಿನ ಸ್ಯಾಂಪಲ್ ಹಿಡಿದು ಪೂಲ್ ಅಂಗಡಿಗೆ ಹೋದೆ. ಆಗ ತಿಳಿಯಿತು, ತಪ್ಪು ಬಿಲ್ಲೆಯನ್ನೇ ನೆಚ್ಚಿಕೊಂಡದ್ದು. ಆ ಬಿಲ್ಲೆಯಲ್ಲಿ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಸಿಡ್ ಇರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಕಾಯುವ ಕೊಡೆ ಅದು. 30ರಿಂದ 50 ಪಿಪಿಎಂ ಇದ್ದರೆ ಒಳ್ಳೆಯದೇ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಇದು ಆಗುವುದಿಲ್ಲ. ನೀರು ಆವಿಯಾದರೂ ಇದು ಅಲ್ಲೇ ಉಳಿಯುತ್ತದೆ. ಬಿಲ್ಲೆಯಿಂದ 10 ಪಿಪಿಎಂ ಕ್ಲೋರಿನ್ ಸೇರಿದಾಗಲೆಲ್ಲ ಇದೂ 6 ಪಿಪಿಎಂ ಸೇರುತ್ತದೆ. ನಮ್ಮಲ್ಲಿ 100 ದಾಟಿತ್ತು. ಕೊಡೆ ದೊಡ್ಡದಾಗಿ ಕ್ಲೋರಿನ್ನಿನ ಕೈಯನ್ನೇ ಕಟ್ಟಿಹಾಕಿತ್ತು. ಪಿಯುಸಿಯ ಕೆಮಿಸ್ಟ್ರಿ ಇಪ್ಪತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು ನೋಡಿ!

ಇದಕ್ಕೆ ಸುಲಭದ ಮದ್ದು ನೀರು ಬದಲಿಸುವುದು. ಅರ್ಧದಷ್ಟು ನೀರನ್ನು ಬೀದಿಗೆ ಬಿಡದೆ ಮನೆಯ ಒಳಚರಂಡಿ ಕೊಳವೆಗೆ ಬಿಟ್ಟು, ಹೊಸ ನೀರು ತುಂಬಿದೆವು. ಬಿಲ್ಲೆ ಬಿಟ್ಟು ದ್ರವದ ಕ್ಲೋರಿನ್ ಹಿಡಿದೆವು. ಲೆಕ್ಕ ಸುಲಭ: 10,000 ಗ್ಯಾಲನ್ ನೀರಿಗೆ ಶೇಕಡಾ 10ರ ದ್ರಾವಣ ಒಂದು ಗ್ಯಾಲನ್ ಹಾಕಿದರೆ ಕ್ಲೋರಿನ್ ಸುಮಾರು 10 ಪಿಪಿಎಂ ಏರುತ್ತದೆ. ಹಗಲು ಹಾಕಿದರೆ ಸೂರ್ಯನ ಪಾಲು, ಆದ್ದರಿಂದ ಸಂಜೆ ಹಾಕಬೇಕು. ದಿನಾ ಗೋಡೆ ಉಜ್ಜಿ, ಪಂಪು ಹಗಲೂ ರಾತ್ರಿ ಓಡಿಸಿ, ಫಿಲ್ಟರ್ ತೊಳೆದು ತೊಳೆದು ಇಟ್ಟೆವು. ಒಂಬತ್ತನೆಯ ದಿನ ತಳದ ಜಾಲರಿ ಕಾಣಿಸಿತು. ಅತ್ತೆ ಕಾಫಿ ಲೋಟ ಹಿಡಿದು ಬಂದು ನೋಡಿ, "ಈಗ ನೀರು ಅನ್ನಬಹುದು" ಎಂದರು.

ಅಂದಿನಿಂದ ನಮ್ಮ ಖರ್ಚು ಪೂಲಿನವನಿಗೆ ಕೊಡುತ್ತಿದ್ದುದರ ಅರ್ಧವನ್ನೂ ಮುಟ್ಟಿಲ್ಲ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ಟಿಗೆ ಮಾತ್ರ ಜಿಪುಣತನ ಮಾಡಬೇಡಿ. ಅದಿದ್ದರೆ ಬೇಡದ ಬಾಟಲಿ ಕೊಳ್ಳುವುದು ತಪ್ಪುತ್ತದೆ. ಕ್ಷಾರತೆ ಏರಿಸುವ ಪುಡಿಯೆಂದು ಮಾರುವುದು ನಮ್ಮ ಅಡುಗೆ ಸೋಡಾವೇ, ದೊಡ್ಡ ಚೀಲದಲ್ಲಿ ಅಗ್ಗ. ವೇಗ ಬದಲಿಸಬಲ್ಲ ಪಂಪಿದ್ದರೆ ನಿಧಾನವಾಗಿ ಹೆಚ್ಚು ಹೊತ್ತು ಓಡಿಸಿ, ಕರೆಂಟು ಬಹಳ ಉಳಿಯುತ್ತದೆ. ಕ್ಲೋರಿನ್ ವಾಸನೆ ಘಾಟಾಗಿ ಹೊಡೆದರೆ ಕ್ಲೋರಿನ್ ಹೆಚ್ಚಾಯಿತೆಂದು ತಿಳಿಯಬೇಡಿ. ಬೆವರು ಕೊಳೆಗೆ ಅದು ಸಾಲದಾಗಿದೆ ಎಂದೇ ಸಾಮಾನ್ಯವಾಗಿ ಅರ್ಥ. ಆಸಿಡ್ಡನ್ನೂ ಕ್ಲೋರಿನ್ನನ್ನೂ, ಬಿಲ್ಲೆಯನ್ನೂ ದ್ರವವನ್ನೂ ಎಂದೂ ಒಂದೇ ಬಕೆಟ್ಟಿನಲ್ಲಿ ಬೆರೆಸಬೇಡಿ, ಪ್ರಾಣಕ್ಕೆ ಅಪಾಯ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ನಮ್ಮತ್ತೆಯದು: ಆಳದ ಕಡೆಯ ತಳದ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಆ ದಿನ ಯಾರೂ ನೀರಿಗಿಳಿಯುವಂತಿಲ್ಲ. ತಳ ಕಂಡರೂ ಗೇಟಿನ ಚಿಲಕ ಹಾಕಿರಬೇಕು, ಮಕ್ಕಳ ಮೇಲೆ ದೊಡ್ಡವರ ಕಣ್ಣಿರಬೇಕು.

ಸೀರೆಗಳ ಮೇಲೆ ಮಲಗಿದ್ದ ಆ ಹುಡುಗ ಈಗ ತಾನೇ ಕಾರು ಓಡಿಸಿಕೊಂಡು ಬಂದು ನಮ್ಮ ಪೂಲಿಗೆ ಧುಮುಕುತ್ತಾನೆ. ನನಗಿಂತ ಒಂದಡಿ ಎತ್ತರ, ಈಜಿನಲ್ಲಿ ಮೀನು. ಆದರೂ ಅವನು ತಲೆ ಮೇಲೆತ್ತುವ ತನಕ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ.