ಚೆಂಬ್ರ ಬೆಟ್ಟದಲ್ಲಿ ಕೊನೆಯವನು



ನಮ್ಮ ಯುವಕೂಟದ ವಯನಾಡು ಪ್ರವಾಸದ ಫೋಟೋಗಳನ್ನು ನೀವೆಲ್ಲ ನೋಡಿದ್ದೀರಿ. ಹೃದಯದ ಆಕಾರದ ಕೆರೆಯ ಮುಂದೆ ನಿಂತಿರುವ ಗುಂಪಿನಲ್ಲಿ ನಾನಿಲ್ಲ, ನಮ್ಮಲ್ಲೇ ಕಿರಿಯನಾದ ಹುಡುಗನೂ ಇಲ್ಲ. ಯಾಕೆಂದು ಕೆಲವರು ಕೇಳಿದಿರಿ. ಆಗ ನಕ್ಕು ಸುಮ್ಮನಾಗಿದ್ದೆ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದಲ್ಲ, ಹಾಗಾಗಿ ಶುಕ್ರವಾರ ಮಧ್ಯಾಹ್ನವೇ ಮೈಸೂರು ಬಿಟ್ಟು ಕಲ್ಪೆಟ್ಟದಲ್ಲಿ ಉಳಿದೆವು. ಬೆಳಿಗ್ಗೆ ಮೇಪ್ಪಾಡಿ. ಚೆಂಬ್ರ ಸುಮಾರು 2,100 ಮೀಟರ್ ಎತ್ತರದ ಬೆಟ್ಟ. ಅರಣ್ಯ ಇಲಾಖೆ ಕೆರೆಯವರೆಗೆ ಮಾತ್ರ ಬಿಡುತ್ತದೆ, ಅದರಾಚೆ ಇಲ್ಲ. ಬೆಂಕಿಯ ಭಯ, ಕಾಡುಪ್ರಾಣಿ ಅಂತ ಆಗಾಗ ಪೂರ್ತಿ ಮುಚ್ಚುವುದೂ ಉಂಟು, ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ. ನಮ್ಮ ಗೈಡ್ ಅಲ್ಲಿಯವರೇ. ಶುಂಠಿ ಬೆಳೆಯಲು ಎಚ್.ಡಿ. ಕೋಟೆ ಕಡೆ ಬಂದು ನಾಲ್ಕು ವರ್ಷ ಇದ್ದರಂತೆ, ಕನ್ನಡ ಚೆನ್ನಾಗಿತ್ತು. ಅವರು ಮುಂದೆ ನಡೆದರು. ಫಾದರ್ ನನ್ನನ್ನು ಕರೆದು, "ನೀನು ಹಿಮಾಲಯ ನೋಡಿ ಬಂದವನಪ್ಪ, ನೀನೇ ಕೊನೆಗಿರು. ನಿನ್ನ ಹಿಂದೆ ಯಾರೂ ಇರಬಾರದು" ಅಂದರು.

ಹಿಮಾಲಯದ ವಿಷಯ ಇಲ್ಲಿ ಹೇಳಲೇಬೇಕು. ಹಿಂದಿನ ವರ್ಷ ನಾನು ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್‌ಗೆ ಹೋಗಿದ್ದೆ. 5,289 ಮೀಟರ್. ಹೊಸಬರೂ ಹತ್ತಬಹುದಾದ ಹಿಮಶಿಖರ ಎಂದು ಅದಕ್ಕೆ ಹೆಸರು. ಹತ್ತಬಹುದು ನಿಜ, ಆದರೆ ಹಿಮನದಿ ಹಿಮನದಿಯೇ. ಅದು ಬಹಳ ನಿಧಾನವಾಗಿ ಕೆಳಗೆ ಜಾರುತ್ತಿರುವ ಮಂಜುಗಡ್ಡೆ. ಇಳಿಜಾರು ಬದಲಾಗುವಲ್ಲಿ ಆಳವಾಗಿ ಬಿರುಕು ಬಿಡುತ್ತದೆ, ಮೇಲೆ ಹೊಸ ಹಿಮ ಬಿದ್ದು ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ. ಬಿಸಿಲೇರಿದರೆ ಆ ಮುಚ್ಚಳ ಮೆತ್ತಗಾಗುತ್ತದೆ, ಅದಕ್ಕೇ ನಡುರಾತ್ರಿ ಹೊರಡುವುದು. ಬೂಟಿಗೆ ಕ್ರ್ಯಾಂಪನ್ ಎಂಬ ಉಕ್ಕಿನ ಮುಳ್ಳು, ಕೈಯಲ್ಲಿ ಐಸ್ ಆಕ್ಸ್, ಎಲ್ಲರ ಸೊಂಟಕ್ಕೂ ಒಂದೇ ಹಗ್ಗ. ಒಬ್ಬ ಬಿರುಕಿಗೆ ಬಿದ್ದರೆ ಉಳಿದವರು ಹಿಡಿಯಬೇಕು. ಹಗ್ಗ ತೀರಾ ಸಡಿಲವಾಗಿರಬಾರದು, ಹಾಗಂತ ಎಳೆಯಲೂಬಾರದು. ಅಂದರೆ ಎಲ್ಲರಿಗಿಂತ ನಿಧಾನ ನಡೆಯುವವನ ಹೆಜ್ಜೆಯೇ ಎಲ್ಲರ ಹೆಜ್ಜೆ.

ಚೆಂಬ್ರದಲ್ಲಿ ಹಗ್ಗವಿರಲಿಲ್ಲ. ಚಹಾ ತೋಟ ದಾಟಿ ಏರು ಶುರುವಾದ ಅರ್ಧ ಗಂಟೆಗೇ ಆ ಹುಡುಗ ಏದುಸಿರು ಬಿಡತೊಡಗಿದ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಮೇಲಿನಿಂದ ಉಳಿದವರ ನಗು ಕೇಳುತ್ತಿತ್ತು. "ಅಣ್ಣಾ, ನೀವು ಹೋಗಿ, ನಾನು ನಿಧಾನಕ್ಕೆ ಬರ್ತೀನಿ" ಅಂದ. ನಾನು ಕಾಯುತ್ತಿದ್ದದ್ದೂ ಅದೇ ಮಾತಿಗೆ. ದಾರಿ ಒಂದೇ ಇದೆ, ತಪ್ಪಲ್ಲ ಅಂತ ಹೇಳಿ ಬಿರುಸಾಗಿ ಹತ್ತಿಬಿಟ್ಟೆ.

ಕೆರೆ ಇನ್ನೇನು ಒಂದು ತಿರುವಿನಾಚೆ ಅನ್ನುವಾಗ ಗೈಡ್ ನಿಂತು ತಲೆ ಎಣಿಸಿದರು. ನನ್ನನ್ನು ನೋಡಿ, "ನಿಮ್ಮ ಹಿಂದೆ ಯಾರು?" ಅಂದರು. ಆ ಹೊತ್ತಿಗೆ ಕೆಳಗಿನ ಹುಲ್ಲುಗಾವಲು ಮಂಜಿನಲ್ಲಿ ಮುಚ್ಚಿಹೋಗಿತ್ತು. ಬರುವಾಗ ದಾರಿ ಬದಿಯಲ್ಲಿ ಆನೆ ಲದ್ದಿ ನೋಡಿ ಫೋಟೋ ತೆಗೆದುಕೊಂಡಿದ್ದೆವು. ಅದು ಹಸಿಯಾಗಿತ್ತು ಅನ್ನುವುದು ಆಗ ನೆನಪಾಯಿತು.

ಓಡಿ ಇಳಿದೆ. ಹೆಸರು ಹಿಡಿದು ಕೂಗಿದರೆ ಉತ್ತರವಿಲ್ಲ. ಎಷ್ಟು ಹೊತ್ತು ಅಂತ ಲೆಕ್ಕ ಗೊತ್ತಿಲ್ಲ, ಅವನ ಅಮ್ಮನಿಗೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿ. ಕಡೆಗೆ ಒಂದು ಬಂಡೆಯ ಮರೆಯಲ್ಲಿ ಸಿಕ್ಕ. ವಾಂತಿ ಮಾಡಿಕೊಂಡು, ಮುಖ ಬಿಳಿಚಿಕೊಂಡು ಕೂತಿದ್ದ. ಬೆಳಿಗ್ಗೆ ಏನೂ ತಿಂದಿರಲಿಲ್ಲವಂತೆ. ಕೂಗಿದ್ದು ಕೇಳಿಸಿತ್ತು. ನಾಚಿಕೆಗೆ ಓಗೊಟ್ಟಿರಲಿಲ್ಲ. "ಯಾರಿಗೂ ಹೇಳ್ಬೇಡಿ ಅಣ್ಣಾ" ಅಂದ.

ಬ್ಯಾಗಿನಲ್ಲಿದ್ದ ಬಾಳೆಹಣ್ಣು, ನೀರು ಕೊಟ್ಟು ಪಕ್ಕದಲ್ಲಿ ಕೂತೆ. ಮತ್ತೆ ಹತ್ತಲು ಹೊತ್ತಿರಲಿಲ್ಲ. ಸುಮಾರು ಹೊತ್ತಾದ ಮೇಲೆ ಅವನೇ ಕೇಳಿದ, "ಹಿಮದಲ್ಲಿ ಹಗ್ಗ ಕಟ್ಟಿದಾಗ ನೀವು ಎಷ್ಟನೆಯವರು?"

"ಮೂರನೆಯವನು. ನಡುವೆ."

"ಯಾಕೆ?"

ಪ್ರವಾಸದ ಹಿಂದಿನ ಭಾನುವಾರವೂ ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ಸ್ಲೈಡ್ ತೋರಿಸುತ್ತಾ, ಮೋಡ ಕವಿದದ್ದರಿಂದ ತುದಿಯ ಹತ್ತಿರದಿಂದ ವಾಪಸಾದೆವು ಅಂತ ನಿಮ್ಮೆಲ್ಲರಿಗೂ ಹೇಳಿದ್ದೆ. ಅಲ್ಲಿ ನಡೆದದ್ದು ಬೇರೆ. ನನ್ನ ಕಾಲು ಸೋತಿತ್ತು, ತಲೆನೋವು ತಡೆಯಲಾಗುತ್ತಿರಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ನಿಂತೆ. ಹಗ್ಗದಲ್ಲಿದ್ದ ಎಲ್ಲರೂ ಪ್ರತಿ ಸಲ ನಿಂತರು. ಕೊನೆಗೆ ಹೊತ್ತು ಮೀರಿತು, ಎಲ್ಲರೂ ತಿರುಗಿದರು. ದುಡ್ಡು ಕೊಟ್ಟು, ರಜೆ ಹಾಕಿ ಬಂದವರು. ಒಬ್ಬರೂ ಒಂದು ಮಾತು ಆಡಲಿಲ್ಲ. ಟೆಂಟಿನಲ್ಲಿ ಮೊದಲ ಲೋಟ ಬಿಸಿ ಚಹಾ ನನ್ನ ಕೈಗೇ ಕೊಟ್ಟರು.

ಇದನ್ನೆಲ್ಲ ಅವನಿಗೆ ಹೇಳಿದೆ. ಬಾಳೆಹಣ್ಣಿನ ಸಿಪ್ಪೆ ಮಡಚುತ್ತಾ ಕೇಳಿಸಿಕೊಂಡ.

"ಮತ್ತೆ ಹಾಲ್‌ನಲ್ಲಿ ಮೋಡ ಅಂದ್ರಿ?"

"ಮೋಡ ಇತ್ತು," ಅಂದೆ. "ಸ್ವಲ್ಪ."