ಕೆಲಸ ಮಾಡ್ತಾನೆ ಸರಿ, ಯಾರ ಕೆಲಸ?

"ತಿಂದ್ರೆ ತಿನ್ಲಿ ಬಿಡ್ರೀ, ಕೆಲಸ ಮಾಡ್ತಾನಲ್ಲ!"

ಈ ಮಾತನ್ನು ಕೇಳದೆ ಬೆಳೆದ ಕನ್ನಡಿಗರು ಯಾರಾದರೂ ಇದ್ದಾರೆಯೇ? ಬಸ್‌ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ, ಎಲ್ಲೆಲ್ಲೂ ಇದೇ. ಇದರ ಜೋಡಿಗೆ ಇನ್ನೊಂದು ಮಾತೂ ಇದೆ: "ಪಾಪ, ಒಳ್ಳೇ ಮನುಷ್ಯ. ಒಂದು ಪೈಸೆ ಮುಟ್ಟಲ್ಲ. ಆದ್ರೆ ಏನ್ ಪ್ರಯೋಜನ?" ಅಂತೂ ಅಧಿಕಾರಿಗೆ ದಕ್ಷತೆ ಮುಖ್ಯವೋ ಪ್ರಾಮಾಣಿಕತೆ ಮುಖ್ಯವೋ ಎಂಬ ಪ್ರಶ್ನೆಗೆ ನಮ್ಮ ಜನ ಉತ್ತರ ಕೊಟ್ಟು ಬಹಳ ಕಾಲವಾಯಿತು ಅನ್ನಿ.

ಈ ಮಾತಾಡುವವರನ್ನು ದಡ್ಡರು ಅಂತ ನಾನು ಹೇಳಲಾರೆ. ಅವರ ಸಂಕಟ ನಿಜವಾದದ್ದು. ನಮ್ಮ ಸೋದರಮಾವನ ಕಥೆಯನ್ನೇ ತಗೊಳ್ಳಿ. 1990ರ ದಶಕದ ಮಾತು. ತಂದೆ ತೀರಿಕೊಂಡ ಮೇಲೆ ಎರಡೂವರೆ ಎಕರೆಯನ್ನು ತನ್ನ ಹೆಸರಿಗೆ ಪೌತಿ ಖಾತೆ ಮಾಡಿಸಲು ಹೋದರು. ಆಗ ಅಲ್ಲಿದ್ದ ಅಧಿಕಾರಿ ಅಪ್ಪಟ ಬಂಗಾರ. ಕಾಫಿ ಕೂಡ ಸ್ವಂತ ದುಡ್ಡಿನಲ್ಲೇ ಕುಡಿಯುತ್ತಿದ್ದರಂತೆ. ಆದರೆ ಸಹಿ ಹಾಕಲು ಭಯ. ಒಂದು ಸಲ ವಂಶವೃಕ್ಷದಲ್ಲಿ ಅಕ್ಷರ ತಪ್ಪು, ಇನ್ನೊಂದು ಸಲ ಮೇಲಿನವರ ಅಭಿಪ್ರಾಯ ಬೇಕು, ಮತ್ತೊಂದು ಸಲ ಫೈಲೇ ಸಿಗಲಿಲ್ಲ. ಒಂದೂವರೆ ವರ್ಷ ಹೀಗೇ ಕಳೆಯಿತು. ಮಾವ ಬಸ್ಸಿಗೆ ಸುರಿದ ದುಡ್ಡು, ಕೂಲಿ ಬಿಟ್ಟ ದಿನಗಳ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

ಅವರಿಗೆ ವರ್ಗವಾಗಿ ಇನ್ನೊಬ್ಬರು ಬಂದರು. ಇವರಿಗೆ ಒಂದು ರೇಟು ಇತ್ತು. ಮಾವ ಕೊಟ್ಟರು. ಹನ್ನೆರಡೇ ದಿನ, ಖಾತೆ ಕೈಗೆ ಬಂತು! ಆಮೇಲೆ ಕೇಳಬೇಕೇ, ಊರಿಡೀ ಆ ಪುಣ್ಯಾತ್ಮನ ಗುಣಗಾನ. "ಅಧಿಕಾರಿ ಅಂದ್ರೆ ಹಿಂಗಿರಬೇಕು!"

ಎರಡು ವರ್ಷ ಕಳೆಯಿತು. ಪಕ್ಕದ ಜಮೀನಿನವರಿಗೂ ನಮ್ಮ ಮಾವನಿಗೂ ಬದುವಿನ ತಕರಾರು ಬಂತು. ಆ ಪಕ್ಕದವರು ಮಾವನಿಗಿಂತ ಅನುಕೂಲಸ್ಥರು. ಅದೇ ಅಧಿಕಾರಿ, ಅದೇ ಚುರುಕು, ಅದೇ ನಗುಮುಖ. ಒಂದೇ ವಾರದಲ್ಲಿ ಮಾವನ ಮೂರು ಗುಂಟೆ ಕಾಗದದ ಮೇಲೆ ಆ ಕಡೆಗೆ ಹೋಯಿತು. ಅದನ್ನು ವಾಪಸ್ ಪಡೆಯಲು ಕೋರ್ಟಿಗೆ ಅಲೆದದ್ದು ಒಂಬತ್ತು ವರ್ಷ!

ನನಗೆ ವಿಷಯ ಸ್ಪಷ್ಟವಾದದ್ದು ಅಲ್ಲಿ. "ಕೆಲಸ ಮಾಡ್ತಾನೆ" ಎನ್ನುವಾಗ ನಾವು ಅರ್ಧ ವಾಕ್ಯ ಮಾತ್ರ ಹೇಳುತ್ತೇವೆ. ಯಾರ ಕೆಲಸ ಮಾಡ್ತಾನೆ? ಕೊಟ್ಟವರ ಕೆಲಸ. ಇವತ್ತು ಕೊಟ್ಟವರು ನಾವು, ನಾಳೆ ನಮಗಿಂತ ಜಾಸ್ತಿ ಕೊಡುವವರು. ಅಂಥವನು ದಕ್ಷನಾದಷ್ಟೂ ನಮಗೆ ಅಪಾಯ ಹೆಚ್ಚು. ಕೈಲಾಗದ ಲಂಚಕೋರ ನಮ್ಮ ಮೂರು ಗುಂಟೆಯನ್ನು ಅಷ್ಟು ನೀಟಾಗಿ ಎತ್ತಿ ಕೊಡಲು ಸಾಧ್ಯವಿತ್ತೇ?

ಇದನ್ನೇ ದೊಡ್ಡದು ಮಾಡಿ ನೋಡಬೇಕಾದರೆ ಬೇಲೆಕೇರಿಗೆ ಹೋಗಿ. 2010ರಲ್ಲಿ ಆ ಬಂದರಿನಿಂದ, ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಮಾಯವಾಯಿತು. ಯೋಚನೆ ಮಾಡಿ, ಲಕ್ಷಾಂತರ ಟನ್ ಅಂದರೆ ಜೇಬಿನಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ. ಲಾರಿ ಬೇಕು, ಕಾಗದ ಬೇಕು, ಹಡಗು ಬೇಕು, ಎಲ್ಲವೂ ಹೊತ್ತಿಗೆ ಸರಿಯಾಗಿ ಒಂದೆಡೆ ಸೇರಬೇಕು. ಅಲ್ಲಿ ದಕ್ಷತೆಗೆ ಏನೇನೂ ಕೊರತೆ ಇರಲಿಲ್ಲ! ಆ ಅದಿರನ್ನು ಜಪ್ತಿ ಮಾಡಿದ ಅರಣ್ಯಾಧಿಕಾರಿಯ ಅಮಾನತಿನ ಮಾತು ಬಂದಾಗ, ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅದೇ ವರ್ಷದ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಹಿಂಪಡೆದರು. 2011ರ ಜುಲೈನಲ್ಲಿ ಅವರ ಗಣಿ ವರದಿ ಬಂದು ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ಹೆಗ್ಡೆಯವರು ಬರೀ ಪ್ರಾಮಾಣಿಕರಾಗಿ ಸುಮ್ಮನೆ ಕೂತಿದ್ದರೆ ಆ ವರದಿ ಬರುತ್ತಿತ್ತೇ?

ಹಾಗಾದರೆ ಮೊದಲಿನ ಆ ಬಂಗಾರದ ಮನುಷ್ಯ? ಅವರನ್ನೂ ನಾನು ಸುಮ್ಮನೆ ಬಿಡಲಾರೆ. ಲಂಚ ಮುಟ್ಟದಿರುವುದು ಪ್ರಾಮಾಣಿಕತೆಯ ಅರ್ಧ ಮಾತ್ರ. ಸಂಬಳವೂ ಜನರ ದುಡ್ಡೇ ತಾನೇ? ಅದನ್ನು ಪಡೆದು ಸಹಿ ಹಾಕದೆ ಕೂರುವುದಕ್ಕೆ ಏನನ್ನಬೇಕು? ಅವರ ಮೇಜಿನ ಮೇಲೆ ಫೈಲು ರಾಶಿ ಬಿದ್ದದ್ದರಿಂದಲೇ ಮುಂದೆ ಬಂದವರು ರೇಟು ಹೇಳಲು ಸಾಧ್ಯವಾಯಿತು. ತಡವಾಗುವ ಕಡೆ ಮಾತ್ರ ಬೇಗವನ್ನು ಮಾರಬಹುದು.

ಈ ಗುಟ್ಟನ್ನು ಸರಿಯಾಗಿ ಹಿಡಿದದ್ದು ನಮ್ಮ ರಾಜ್ಯದ 'ಭೂಮಿ' ಯೋಜನೆ ಅಂತ ನನಗನ್ನಿಸುತ್ತದೆ. ಅದಕ್ಕೆ ಮೊದಲು ಪಹಣಿಯೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ನೇತೃತ್ವದಲ್ಲಿ, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. 2000ದ ದಶಕದ ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಆಫೀಸಿನಲ್ಲಿ ಪಹಣಿ ಸಿಗತೊಡಗಿತು. ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ಕಂಪ್ಯೂಟರಿನಲ್ಲೇ ಕಟ್ಟುಹಾಕಿದರು. ಮುಂದಿನದ್ದನ್ನು ಮುಗಿಸದೆ ಹಿಂದಿನದ್ದಕ್ಕೆ ಕೈ ಹಾಕುವ ಹಾಗಿಲ್ಲ. ಸರದಿ ಹಾರಿಸುವ ಅಧಿಕಾರವೇ ಇಲ್ಲದ ಮೇಲೆ ಅದನ್ನು ಮಾರುವುದು ಹೇಗೆ?

ಆಮೇಲೆ ಬಂದ 'ಸಕಾಲ' ಕೂಡ ಇದೇ ದಾರಿಯದು. 2011ರ ಕಾಯ್ದೆ, 2012ರಲ್ಲಿ ಜಾರಿಗೆ ಬಂತು. ಇಂತಿಷ್ಟು ದಿನದಲ್ಲಿ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ. ಮೊತ್ತ ಸಣ್ಣದು ನಿಜ, ಆದರೆ ತಡ ಮಾಡುವುದೂ ಒಂದು ತಪ್ಪು ಅಂತ ಕಾನೂನೇ ಹೇಳಿತಲ್ಲ! ಇವೆಲ್ಲ ಬಂದು ಲಂಚ ನಿಂತುಹೋಯಿತು ಅಂತ ನಾನು ಹೇಳಿದರೆ ನೀವು ನಗುತ್ತೀರಿ. ನಿಂತಿಲ್ಲ. ಆದರೆ ದಾರಿ ಇದೇ.

"ಎರಡೂ ಇರುವವರು ಬೇಕಪ್ಪಾ, ಸರ್ ಎಂ.ವಿ. ಥರ" ಅಂತ ಕೆಲವರು ಹೇಳುತ್ತಾರೆ. 1912ರಿಂದ 1918ರವರೆಗೆ, ಆರೇ ವರ್ಷದ ದಿವಾನಗಿರಿಯಲ್ಲಿ ಮೈಸೂರು ಬ್ಯಾಂಕು, ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ ಎಲ್ಲ ಕಂಡ ಕಾಲ ಅದು. ಅಂಥವರು ಸಿಕ್ಕರೆ ಕೈಮುಗಿಯೋಣ. ಆದರೆ ತಾಲ್ಲೂಕಿಗೊಬ್ಬ ವಿಶ್ವೇಶ್ವರಯ್ಯ ಹುಟ್ಟಲಿ ಅಂತ ಕಾಯುತ್ತಾ ಕೂರಲು ಆಗುತ್ತದೆಯೇ?

ಎರಡರಲ್ಲಿ ಒಂದನ್ನೇ ಆರಿಸು ಅಂತ ಕತ್ತು ಹಿಡಿದು ಕೇಳಿದರೆ ನಾನು ಪ್ರಾಮಾಣಿಕನನ್ನೇ ಆರಿಸುತ್ತೇನೆ. ಕೆಲಸ ಬಾರದವನಿಗೆ ಕಲಿಸಬಹುದು, ಗಡುವು ಹಾಕಬಹುದು, ಭಯಪಡುವವನಿಗೆ ನಿಯಮದ ಬೆಂಬಲ ಕೊಡಬಹುದು. ಮಾರಾಟಕ್ಕಿರುವವನಿಗೆ ಎಷ್ಟು ಕಲಿಸಿದರೂ ಅವನ ರೇಟು ಏರುತ್ತದೆ, ಅಷ್ಟೇ.

ನಮ್ಮ ಮಾವ ಮಾತ್ರ ಇದನ್ನು ಒಪ್ಪುವುದಿಲ್ಲ. "ಆ ಮೊದಲನೆಯವನಿಂದಲೇ ನನಗೆ ಜಾಸ್ತಿ ಸುಸ್ತಾದದ್ದು ಕಣೋ" ಅನ್ನುತ್ತಾರೆ. ನೀವೇನಂತೀರಿ?