ಆಮೆ ಬಂದ ರಾತ್ರಿ

ಶಿಕಾಗೋದ ನಮಗೂ ಡೆಟ್ರಾಯಿಟ್‌ನ ನಮ್ಮವರಿಗೂ ಕಡಲು ಅಂದ್ರೆ ಸರೋವರವೇ. ಮಿಷಿಗನ್ ಸರೋವರದ ದಂಡೆಯಲ್ಲಿ ನಿಂತರೆ ಆಚೆ ದಡ ಕಾಣೋದಿಲ್ಲ, ಅಲೆಗಳೂ ಬರುತ್ತವೆ. ಆದರೆ ಹೊನ್ನಾವರದ ಹತ್ತಿರದ ಕಾಸರಕೋಡಿನಿಂದ ಬಂದಿದ್ದ ನಮ್ಮ ಅಮ್ಮ ಒಂದು ಬೊಗಸೆ ನೀರು ಬಾಯಿಗೆ ಹಾಕ್ಕೊಂಡು, "ಇದೆಂಥ ಸಮುದ್ರವೋ, ಸಪ್ಪೆ!" ಅಂದುಬಿಟ್ಟರು.

ಆಗಸ್ಟ್‌ನಲ್ಲಿ ಅವರು ಊರಿಗೆ ವಾಪಸ್. ವಯಸ್ಸು ಎಪ್ಪತ್ತಾರು. ಇಷ್ಟು ದೂರ ಇನ್ನೊಮ್ಮೆ ಬರೋದು ಕಷ್ಟ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಹೋಗೋದ್ರೊಳಗೆ ಉಪ್ಪು ನೀರಿನ ಕಡಲು ತೋರಿಸೋಣ ಅಂತ ಜುಲೈನಲ್ಲಿ ನೇಪರ್‌ವಿಲ್‌ನ ನಾವೂ, ಡೆಟ್ರಾಯಿಟ್ ಹತ್ತಿರ ಕ್ಯಾಂಟನ್‌ನಲ್ಲಿರೋ ತಮ್ಮನ ಮನೆಯವರೂ ಸೇರಿ ಒಂಬತ್ತು ಜನ ಫ್ಲಾರಿಡಾಕ್ಕೆ ಹೊರಟ್ವಿ.

ಮಕ್ಕಳ ಲೆಕ್ಕದಲ್ಲಿ ಅದು ಡಿಸ್ನಿ ಪ್ರವಾಸ. ಎರಡು ದಿನ ಅದೂ ಆಯ್ತು. ಮೂರನೇ ದಿನ ಒರ್ಲ್ಯಾಂಡೊದಿಂದ ಒಂದೂವರೆ ಗಂಟೆ ಕಾರು ಓಡಿಸಿ ಅಟ್ಲಾಂಟಿಕ್ ದಂಡೆಯ ಮೆಲ್ಬರ್ನ್ ಬೀಚ್ ಸೇರಿದ್ವಿ. ಅಲ್ಲಿಂದ ದಕ್ಷಿಣಕ್ಕೆ ವಬಾಸೊ ಬೀಚ್‌ವರೆಗಿನ ಸುಮಾರು 20 ಮೈಲಿ ದಂಡೆಯಲ್ಲಿ ಆರ್ಚಿ ಕಾರ್ ರಾಷ್ಟ್ರೀಯ ವನ್ಯಜೀವಿ ಧಾಮ ಇದೆ. ಕಡಲಾಮೆಗಳ ಅಧ್ಯಯನದಲ್ಲೇ ಬದುಕು ಕಳೆದ ಪ್ರಾಧ್ಯಾಪಕ ಆರ್ಚಿ ಕಾರ್ ಅವರ ಹೆಸರಲ್ಲಿ 1991ರಲ್ಲಿ ಆದದ್ದು. ಲಾಗರ್‌ಹೆಡ್ ಅನ್ನೋ ದಪ್ಪ ತಲೆಯ ಕಡಲಾಮೆಗಳು ಮೊಟ್ಟೆ ಇಡೋಕೆ ಬರೋ ಜಗತ್ತಿನ ಮುಖ್ಯ ದಂಡೆಗಳಲ್ಲಿ ಇದೂ ಒಂದು.

ಟಾರ್ಚ್ ಹಿಡ್ಕೊಂಡು ನಾವೇ ನೋಡ್ತೀವಿ ಅಂದ್ರೆ ಆಗೋದಿಲ್ಲ. ಜೂನ್, ಜುಲೈ ತಿಂಗಳಲ್ಲಿ ಸರ್ಕಾರದ ಅನುಮತಿ ಇರೋ ಸಂಸ್ಥೆಯವರ ಜೊತೆಗೇ ಹೋಗಬೇಕು, ಮೊದಲೇ ಜಾಗ ಕಾಯ್ದಿರಿಸಬೇಕು. ಕಪ್ಪು ಬಟ್ಟೆ ಹಾಕಿಕೊಂಡು ರಾತ್ರಿ ಒಂಬತ್ತಕ್ಕೆ ಸೇರಿದ್ವಿ. ಫೋನು ಬಂದ್, ಫೋಟೋ ಇಲ್ಲ. ಬೆಳಕು ಕಂಡ್ರೆ ತಾಯಿ ಆಮೆ ಮೊಟ್ಟೆ ಇಡದೆ ನೀರಿಗೆ ತಿರುಗಿಬಿಡಬಹುದು. ಮರಿಗಳು ಮೊಟ್ಟೆಯೊಡೆದು ಬಂದಾಗ ಹೆಚ್ಚು ಬೆಳಕಿರೋ ಕಡೆಗೆ ನಡೀತವೆ. ಅದು ಕಡಲಾಗಿದ್ರೆ ಬದುಕು, ರಸ್ತೆ ದೀಪ ಆಗಿದ್ರೆ ಸಾವು.

ಹತ್ತೂವರೆ ಆದ್ರೂ ಆಮೆ ಸುದ್ದಿ ಇಲ್ಲ. ಮಕ್ಕಳು ತೂಕಡಿಸೋಕೆ ಶುರು. ಅಷ್ಟರಲ್ಲಿ ಮಾರ್ಗದರ್ಶಿ ಹೆಂಗಸು ಅಮ್ಮನ ಪಕ್ಕ ಕೂತು, "ನಿಮ್ಮೂರಲ್ಲೂ ಆಮೆ ಬರ್ತವಾ?" ಅಂತ ಕೇಳಿದರು. ಹನ್ನೆರಡು ವರ್ಷದ ಮಗಳು ಅದನ್ನ ಕನ್ನಡದಲ್ಲಿ ಹೇಳಿದಳು.

"ಬರ್ತಾವೆ. ನಾವು ಸಣ್ಣೋರಿದ್ದಾಗ ಅದರ ಮೊಟ್ಟೆ ತಿಂದಿದ್ದೂ ಉಂಟು" ಅಂದರು ಅಮ್ಮ.

ಮಗಳ ಮುಖ ಸಣ್ಣಗಾಯ್ತು. ಈಗಷ್ಟೇ ಮೊಟ್ಟೆ ಕದಿಯೋರ ಬಗ್ಗೆ ಕೇಳಿಸಿಕೊಂಡಿದ್ದಳು. "ಅಜ್ಜಿ, ಇದನ್ನ ಹೇಳ್ಲೇಬೇಕಾ?" ಅಂತ ಪಿಸುಗುಟ್ಟಿದಳು. ನಿಜ ಹೇಳ್ತೀವಿ, ನಮಗೂ ಮಾತು ಬದಲಾಯಿಸೋಣ ಅನ್ನಿಸಿತ್ತು.

"ನಡೆದದ್ದು ನಡೆದದ್ದೇ ಮಗಾ. ಹೇಳು. ಆಗ ಮನೇಲಿ ಅಕ್ಕಿ ಇಲ್ದ ದಿನ ಇತ್ತು ಅಂತಾನೂ ಹೇಳು."

ಮಗಳು ತಡವರಿಸುತ್ತಾ ಎರಡನ್ನೂ ಹೇಳಿದಳು. ಆ ಹೆಂಗಸು ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಇಲ್ಲೂ ಹಿಂದೆ ತಿಂತಿದ್ರು, ಕೀ ವೆಸ್ಟ್‌ನಲ್ಲಿ ಆಮೆ ಸೂಪನ್ನ ಡಬ್ಬಿಗೆ ತುಂಬಿ ಮಾರ್ತಿದ್ರು ಅಂದರು. ಅಲ್ಲಿ ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. ಇಲ್ಲಿ ಅಳಿವಿನಂಚಿನ ಜೀವಿಗಳ ಕಾಯ್ದೆ 1973ರಲ್ಲಿ ಬಂತು, ಲಾಗರ್‌ಹೆಡ್ ಅದರ ಪಟ್ಟಿಗೆ ಸೇರಿದ್ದು 1978ರಲ್ಲಿ. ಎರಡು ದೇಶಗಳೂ ಬುದ್ಧಿ ಕಲಿತದ್ದು ಹೆಚ್ಚುಕಡಿಮೆ ಒಟ್ಟಿಗೇ.

ಹನ್ನೊಂದಕ್ಕೆ ವಾಕಿಟಾಕಿ ಸದ್ದು ಮಾಡಿತು. ಕತ್ತಲಲ್ಲಿ ಒಬ್ಬರ ಹಿಂದೆ ಒಬ್ಬರು, ಅಮ್ಮನ ಕೈ ಹಿಡ್ಕೊಂಡು ನಡೆದ್ವಿ. ಮರಳ ಮೇಲೆ ಟ್ರ್ಯಾಕ್ಟರ್ ಹೋದ ಹಾಗೆ ಗುರುತು. ಅದರ ಕೊನೆಗೆ ನೂರು ಕಿಲೋಗಿಂತ ಹೆಚ್ಚು ತೂಗೋ ಆಮೆ. ಹಿಂಗಾಲಲ್ಲಿ ಗುಂಡಿ ತೋಡಿ, ಮೊಟ್ಟೆ ಇಡೋಕೆ ಶುರುಮಾಡಿದ ಮೇಲೇ ನಮ್ಮನ್ನ ಹಿಂದಿನಿಂದ ಹತ್ತಿರ ಬಿಟ್ಟರು. ಮಂದ ಕೆಂಪು ಬೆಳಕಲ್ಲಿ ಪಿಂಗ್‌ಪಾಂಗ್ ಚೆಂಡಿನಂಥ ಮೊಟ್ಟೆ ಒಂದೊಂದೇ, ಎರಡೆರಡೇ ಬೀಳ್ತಿದ್ದವು. ಒಂದು ಗೂಡಲ್ಲಿ ಸುಮಾರು ನೂರು. ಎರಡು ತಿಂಗಳಲ್ಲಿ ಮರಿ. ಮರಳು ಬಿಸಿ ಇದ್ರೆ ಹೆಚ್ಚು ಹೆಣ್ಣು, ತಂಪಿದ್ರೆ ಹೆಚ್ಚು ಗಂಡು.

ಕಣ್ಣಿಂದ ನೀರು ಇಳೀತಿತ್ತು. "ಅಳ್ತಿದೆ" ಅಂದ ತಮ್ಮನ ಮಗ. ಅದು ಅಳುವಲ್ಲ, ಮೈಯಲ್ಲಿ ಸೇರಿದ ಹೆಚ್ಚಿನ ಉಪ್ಪನ್ನ ಕಣ್ಣಿನ ಹತ್ತಿರದ ಗ್ರಂಥಿ ಹೊರಗೆ ಹಾಕೋದು ಅಂತ ಹೇಳಿಕೊಟ್ಟರು. ಅವನು ಇನ್ನೇನೋ ಕೇಳೋಕೆ ಹೋದರೆ ಅಮ್ಮ, "ಶ್... ಬಾಣಂತಿ ಮುಂದೆ ಗಲಾಟೆ ಮಾಡ್ಬಾರ್ದು" ಅಂದರು. ಆಮೆ ಗುಂಡಿ ಮುಚ್ಚಿ, ಮೇಲೆ ಮರಳು ಎರಚಿ, ನಿಧಾನಕ್ಕೆ ನೀರಿಗೆ ಇಳಿಯೋವರೆಗೆ ಯಾರೂ ಮಾತಾಡಲಿಲ್ಲ.

ನಮ್ಮ ಹತ್ತಿರ ಆ ರಾತ್ರಿಯ ಒಂದು ಫೋಟೋನೂ ಇಲ್ಲ. ಆದರೆ ವಾಪಸ್ ಬರ್ತಾ ಕಾರಿನಲ್ಲಿ ಮಗಳು ಅಜ್ಜಿಯನ್ನ ಅಕ್ಕಿ ಇಲ್ಲದ ದಿನಗಳ ಬಗ್ಗೆ ಕೇಳ್ತಾನೇ ಇದ್ದಳು. ಅಮ್ಮ ಹೇಳ್ತಾನೇ ಇದ್ದರು. ಅದರಲ್ಲಿ ಅರ್ಧ ನಮಗೂ ಗೊತ್ತಿರಲಿಲ್ಲ. ನಾವು ಯಾವತ್ತೂ ಕೇಳಿರಲೇ ಇಲ್ಲ.

ಕಾಸರಕೋಡಿನ ಟೊಂಕ ದಂಡೆಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಬರ್ತವೆ. ಈಗ ಅರಣ್ಯ ಇಲಾಖೆಯವರೂ ಊರವರೂ ಗೂಡಿನ ಸುತ್ತ ಬಲೆ ಕಟ್ಟಿ ಕಾಯ್ತಾರೆ. ನಾವು ಊರಿಗೆ ಹೋಗೋದು ಯಾವಾಗ್ಲೂ ಡಿಸೆಂಬರ್ ರಜೆಗೆ. ಆಗ ಮರಿ ನೋಡೋಕೆ ಸಿಗೋದು ಕಷ್ಟ. ಮಾರ್ಚ್ ಕೊನೆಯ ಶಾಲೆ ರಜೆಗೆ ಹೋದರೆ ಮರಿ ಕಡಲಿಗೆ ಇಳಿಯೋದು ಕಾಣಬಹುದು. ಟಿಕೆಟ್ ವಿಚಾರಿಸ್ತಾ ಇದ್ದೀವಿ. ಈ ಸಲ ದಾರಿ ತೋರಿಸೋಕೆ ಅಮ್ಮ ಇರ್ತಾರೆ.